ಜ್ವಾಲಾಮುಖಿ ಮುಳುಗಿಸಿದ ಹಡಗು: ಆರೇ ಡೈವ್ ಮಾಡಿದವರು ಬಾಲಿಯ 'ಲಿಬರ್ಟಿ'ಗೆ ಇಳಿಯಬಹುದಾ?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 34. ಎರಡು ವರ್ಷದ ಹಿಂದೆ ಮುರ್ಡೇಶ್ವರಕ್ಕೆ ಹೋದಾಗ ಅಲ್ಲಿನ ನೇತ್ರಾಣಿ ನಡುಗಡ್ಡೆಯಲ್ಲಿ ಮೊದಲ ಸಲ ಸ್ಕೂಬಾ ಮಾಡಿದೆ. ಅಲ್ಲಿಂದ ಹುಚ್ಚು ಹತ್ತಿತು. ಕಳೆದ ವರ್ಷ ಅಂಡಮಾನಿನಲ್ಲಿ ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದೆ. ಎಲ್ಲಾ ಸೇರಿ ಆರು ಡೈವ್ ಆಗಿದೆ. ಈಗ ಮನೆಯವರ ಜೊತೆ ಬಾಲಿಗೆ ಹೊರಟಿದ್ದೇವೆ. ಅಲ್ಲಿ ತುಲಾಂಬೆನ್ ಅನ್ನೋ ಊರಲ್ಲಿ ಜಪಾನಿನವರು ಮುಳುಗಿಸಿದ ಅಮೆರಿಕದ ಯುದ್ಧನೌಕೆ ಈಗ ಹವಳದ ದಿಬ್ಬ ಆಗಿದೆಯಂತೆ. ನನ್ನಂಥವಳು ಅಲ್ಲಿ ಇಳಿಯಬಹುದಾ? ಹಡಗಿನ ಒಳಗೆ ಹೋಗಬಹುದಾ? ಕಬ್ಬಿಣದ ಹಡಗು ಹವಳ ಆಗೋದಾದರೂ ಹೇಗೆ? ನಮ್ಮ ಕರಾವಳಿಯಲ್ಲೂ ಹೀಗೆ ಹಡಗು ಮುಳುಗಿಸಬಹುದಲ್ವಾ? ಮನೆಯವರಿಗೆ ಈಜು ಅಷ್ಟಕ್ಕಷ್ಟೆ. ಅವರು ಸುಮ್ನೆ ದಡದಲ್ಲಿ ಕೂರಬೇಕಾ?

ಉತ್ತರ: ಇಳಿಯಬಹುದು. ಒಳಗೆ ಹೋಗಬೇಡಿ. ನಿಮ್ಮ ಮನೆಯವರು ದಡದಲ್ಲಿ ಕೂರಬೇಕಿಲ್ಲ. ಅವಸರದಲ್ಲಿದ್ದರೆ ಇಷ್ಟು ಸಾಕು. ಆದರೆ ನೀವು ಕೇಳಿದ ಪ್ರಶ್ನೆಗಳು ಚೆನ್ನಾಗಿವೆ, ನಾನೂ ಆ ನೀರಿನಲ್ಲಿ ತುಂಬಾ ಸಲ ಇಳಿದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಕತೆಯನ್ನು ಸರಿಮಾಡಿಕೊಳ್ಳೋಣ. ನೀವು ಕೇಳಿದ ಕತೆಯಲ್ಲಿ ಎರಡು ತಪ್ಪಿವೆ. ಅಲ್ಲಿನ ಬೋರ್ಡುಗಳಲ್ಲೂ ಅವೇ ತಪ್ಪು ಇರುತ್ತವೆ, ನಿಮ್ಮದೇನೂ ದೋಷ ಇಲ್ಲ ಬಿಡಿ.

ಒಂದು, ಲಿಬರ್ಟಿ ಸರಿಯಾದ ಅರ್ಥದಲ್ಲಿ ಯುದ್ಧನೌಕೆ ಅಲ್ಲ. 1918ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ ಸರಕು ಹಡಗು ಅದು. ಉದ್ದ ಸುಮಾರು 125 ಮೀಟರ್. ಮೊದಲನೇ ಮಹಾಯುದ್ಧದ ಕೊನೆಯಲ್ಲಿ ಸ್ವಲ್ಪ ದಿನ ಅಮೆರಿಕದ ನೌಕಾಪಡೆಗೆ ದುಡಿಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಭೂಸೇನೆಯ ಸಾಗಣೆ ಹಡಗಾಗಿತ್ತು. ಮೈಮೇಲೆ ತೋಪು ಇತ್ತು, ಅದು ಆತ್ಮರಕ್ಷಣೆಗೆ. ಹೊಟ್ಟೆಯಲ್ಲಿದ್ದದ್ದು ಮಾತ್ರ ರಬ್ಬರು ಮತ್ತು ರೈಲ್ವೆಯ ಬಿಡಿಭಾಗ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಕಟ್ಟಿದ 'ಲಿಬರ್ಟಿ' ಮಾದರಿಯ ಹಡಗುಗಳಲ್ಲಿ ಇದೂ ಒಂದು ಅಂತ ಕೆಲವರು ಹೇಳುತ್ತಾರೆ. ಅದೂ ಸುಳ್ಳು. ಹೆಸರು ಒಂದೇ, ಅಷ್ಟೇ. ಇದು ಆ ಹಡಗುಗಳಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡದು.

ಎರಡು, ಇದನ್ನು ಜಪಾನಿನವರು ಮುಳುಗಿಸಲಿಲ್ಲ. ಹೊಡೆದದ್ದು ಅವರೇ. 1942ರ ಜನವರಿ 11ರಂದು, ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸ್ ಕಡೆ ಹೊರಟಿದ್ದ ಲಿಬರ್ಟಿಗೆ ಲಾಂಬೋಕ್ ಜಲಸಂಧಿಯ ಹತ್ತಿರ ಜಪಾನಿನ ಐ-166 ಎಂಬ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. ಹಡಗು ಗಾಯಗೊಂಡಿತೇ ಹೊರತು ಮುಳುಗಲಿಲ್ಲ. ಅಮೆರಿಕದ 'ಪಾಲ್ ಜೋನ್ಸ್' ಮತ್ತು ಡಚ್ಚರ 'ವಾನ್ ಘೆಂಟ್' ಎಂಬ ಎರಡು ಯುದ್ಧನೌಕೆಗಳು ಇದಕ್ಕೆ ಹಗ್ಗ ಕಟ್ಟಿ ಬಾಲಿಯ ಉತ್ತರದ ಸಿಂಗರಾಜ ಬಂದರಿಗೆ ಎಳೆಯತೊಡಗಿದವು. ದಾರಿಯಲ್ಲೇ ನೀರು ಜಾಸ್ತಿ ತುಂಬಿತು. ಬಂದರು ಮುಟ್ಟುವುದು ಸಾಧ್ಯವಿಲ್ಲ ಅನ್ನಿಸಿ, ತುಲಾಂಬೆನ್ನಿನ ಕಲ್ಲು ದಂಡೆಗೆ ನೂಕಿ ನಿಲ್ಲಿಸಿದರು. ಸರಕನ್ನಾದರೂ ಇಳಿಸಿಕೊಳ್ಳಬಹುದಲ್ಲ ಎಂಬ ಲೆಕ್ಕ.

ಯುದ್ಧದ ವಿಚಿತ್ರ ನೋಡಿ. ಎಳೆದು ತಂದ ವಾನ್ ಘೆಂಟ್ ಮುಂದಿನ ತಿಂಗಳೇ ಬಂಡೆಗೆ ಬಡಿದು ಹಾಳಾಯಿತು. ಟಾರ್ಪಿಡೊ ಬಿಟ್ಟ ಐ-166 ಅನ್ನು 1944ರಲ್ಲಿ ಮಲಾಕಾ ಜಲಸಂಧಿಯಲ್ಲಿ ಬ್ರಿಟಿಷರ ಜಲಾಂತರ್ಗಾಮಿಯೊಂದು ಮುಳುಗಿಸಿತು. ಹೊಡೆತ ತಿಂದ ಲಿಬರ್ಟಿ ಮಾತ್ರ ದಂಡೆ ಮೇಲೆ ಆರಾಮಾಗಿ ಬಿದ್ದುಕೊಂಡಿತ್ತು, ಒಂದೆರಡಲ್ಲ, ಇಪ್ಪತ್ತೊಂದು ವರ್ಷ.

ಕೊನೆಗೆ ಅದನ್ನು ನೀರಿಗೆ ತಳ್ಳಿದ್ದು ಬೆಟ್ಟ. ತುಲಾಂಬೆನ್ನಿನ ಬೆನ್ನಿಗೇ ಅಗುಂಗ್ ಜ್ವಾಲಾಮುಖಿ ಇದೆ, ಮೂರು ಸಾವಿರ ಮೀಟರಿಗಿಂತ ಎತ್ತರ. ಬಾಲಿಯವರಿಗೆ ಅದು ನಮಗೆ ಕೈಲಾಸ ಇದ್ದ ಹಾಗೆ. ಅದರ ಇಳಿಜಾರಿನಲ್ಲಿರುವ ಬೆಸಾಕಿ ದೇವಸ್ಥಾನದಲ್ಲಿ ನೂರು ವರ್ಷಕ್ಕೊಮ್ಮೆ ನಡೆಸಬೇಕಾದ ಒಂದು ಮಹಾ ಶಾಂತಿ ಇದೆ. ಹೆಸರು 'ಏಕ ದಶ ರುದ್ರ'. ನಮ್ಮ ಕಿವಿಗೆ ಅರ್ಥ ಹೇಳಬೇಕಾಗಿಲ್ಲ ಅಲ್ವಾ? 1963ರಲ್ಲಿ ಆ ಪೂಜೆಯ ಕಾಲದಲ್ಲೇ ಅಗುಂಗ್ ಸಿಡಿಯಿತು. ಫೆಬ್ರವರಿಯಲ್ಲಿ ಶುರುವಾಗಿ ಮಾರ್ಚ್ 17ರಂದು ಉಗ್ರರೂಪ ತಾಳಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೆಸಾಕಿಯ ದೇವಸ್ಥಾನ ಉಳಿಯಿತು. ಆ ನಡುಕದಲ್ಲೇ ದಂಡೆಯ ಮೇಲಿದ್ದ ಲಿಬರ್ಟಿ ಜಾರಿ, ಪಕ್ಕಕ್ಕೆ ಮಗುಚಿ, ನೀರೊಳಗೆ ಮಲಗಿತು. ದಡದಿಂದ ಸುಮಾರು ಮೂವತ್ತು ಮೀಟರ್ ದೂರ, ಅಷ್ಟೇ. ಮೇಲಿನ ತುದಿ ಐದಾರು ಮೀಟರ್ ಆಳದಲ್ಲಿ, ಕೆಳಗಿನ ತುದಿ ಮೂವತ್ತರ ಹತ್ತಿರ.

ಈ ಕತೆ ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ನಿಮ್ಮ ಹವಳದ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ.

ಕಬ್ಬಿಣ ಹವಳ ಆಗುವುದಿಲ್ಲ. ಹವಳಕ್ಕೆ ಕೂರಲು ಜಾಗ ಆಗುತ್ತದೆ. ಹವಳ ಅಂದರೆ ಲಕ್ಷಾಂತರ ಸಣ್ಣ ಜೀವಿಗಳ ವಠಾರ. ಇದರ ಮರಿಗಳು ಕಣ್ಣಿಗೆ ಕಂಡೂ ಕಾಣದ ಚುಕ್ಕಿಯ ಹಾಗೆ ನೀರಿನಲ್ಲಿ ತೇಲುತ್ತಾ ಹೋಗುತ್ತವೆ. ಎಲ್ಲಾದರೂ ಗಟ್ಟಿ ನೆಲ ಸಿಕ್ಕರೆ ಅಂಟಿಕೊಳ್ಳುತ್ತವೆ. ಸಿಗದಿದ್ದರೆ ಸಾಯುತ್ತವೆ. ತುಲಾಂಬೆನ್ನಿನ ತಳವೆಲ್ಲ ಅಗುಂಗ್ ಉಗುಳಿದ ಕಪ್ಪು ಮರಳು. ಅಲೆ ಬಂದಾಗೆಲ್ಲ ಜರುಗುವ ನೆಲ ಅದು. ಬಿತ್ತನೆ ಮಾಡಿದ ಹೊಲವನ್ನು ದಿನಾ ಯಾರೋ ಉಳುತ್ತಿದ್ದರೆ ಪೈರು ಬರುತ್ತದಾ? ಅಂಥ ಕಡೆ ಇಷ್ಟುದ್ದದ ಗಟ್ಟಿ ಗೋಡೆಯೊಂದು ಬಂದು ಬಿತ್ತು.

ಮೊದಲು ಕಬ್ಬಿಣದ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಕಟ್ಟುತ್ತದೆ. ನಿಮ್ಮ ಮನೆ ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿ ನೋಡಿ, ಆ ಜಾರು ಜಾರು ಇರುತ್ತಲ್ಲ, ಅದೇ ಥರ. ಅದರ ಮೇಲೆ ಪಾಚಿ, ಚಿಪ್ಪಿನ ಹುಳ, ಸ್ಪಾಂಜು. ಆಮೇಲೆ ಸುಣ್ಣ ಕಟ್ಟುವ ಒಂದು ಜಾತಿಯ ಗುಲಾಬಿ ಪಾಚಿ ಹರಡುತ್ತದೆ. ಹವಳದ ಮರಿಗಳಿಗೆ ಆ ಗುಲಾಬಿ ನೆಲ ಕಂಡರೆ ಆಗಿಬರುತ್ತದೆ, ಅಲ್ಲೇ ಕೂರುತ್ತವೆ. ಅಲ್ಲಿಂದ ಮುಂದೆ ತಾಳ್ಮೆ ಬೇಕು. ಕವಲು ಕವಲಾಗಿ ಬೆಳೆಯುವ ಜಾತಿ ವರ್ಷಕ್ಕೆ ಹತ್ತು ಸೆಂಟಿಮೀಟರ್ ತನಕ ಬೆಳೆಯಬಹುದು. ಗುಂಡಗೆ ಬಂಡೆ ಥರ ಬೆಳೆಯುವ ಜಾತಿಗೆ ವರ್ಷಕ್ಕೆ ಒಂದು ಸೆಂಟಿಮೀಟರ್ ಬಂದರೆ ದೊಡ್ಡದು. ಲಿಬರ್ಟಿಗೆ ಅರವತ್ತು ವರ್ಷ ದಾಟಿದೆ.

ಜಾಗವೂ ಒಳ್ಳೆಯದೇ ಸಿಕ್ಕಿತು. ಜಗತ್ತಿನ ದಿಬ್ಬ ಕಟ್ಟುವ ಹವಳ ಜಾತಿಗಳಲ್ಲಿ ಮುಕ್ಕಾಲು ಪಾಲು ಇರುವುದು ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಪಪುವಾ ನ್ಯೂಗಿನಿ ಸುತ್ತಲಿನ ನೀರಿನಲ್ಲಿ. ಬಾಲಿ ಅದರ ಅಂಚಿನಲ್ಲಿದೆ. ಶಾಂತ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಇಳಿಯುವ ದೊಡ್ಡ ದಾರಿಗಳಲ್ಲಿ ಲಾಂಬೋಕ್ ಜಲಸಂಧಿಯೂ ಒಂದು. ಮರಿಗಳೂ ಮೇವೂ ಆ ಹರಿವಿನಲ್ಲೇ ಬರುತ್ತವೆ.

ನೀವು ಕೆಳಗೆ ಹೋದಾಗ ಒಂದು ವಿಷಯ ಗಮನಿಸಿ. ಹಡಗಿನ ಬಿಸಿಲು ಬೀಳುವ ಮಗ್ಗುಲಲ್ಲಿ ಗಟ್ಟಿ ಹವಳ ಜಾಸ್ತಿ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಬಾಡಿಗೆಗಿದೆ, ಬಾಡಿಗೆಯಾಗಿ ಸಕ್ಕರೆ ಕೊಡುತ್ತದೆ, ಅದಕ್ಕೆ ಬಿಸಿಲು ಬೇಕು. ಕೈ ತಿರುಗಿಸಿದರೆ ಅಂಗೈ ಕಾಣುವ ಹಾಗೆ, ಅದೇ ತಗಡಿನ ನೆರಳಿನ ಮಗ್ಗುಲಿಗೆ ಹೋಗಿ, ಅಲ್ಲಿ ಬೇರೆಯೇ ಊರು. ಮೆತ್ತನೆ ಹವಳ, ಸ್ಪಾಂಜು, ಬೀಸಣಿಗೆಯ ಹಾಗೆ ಹರಡಿದ ಸೀ ಫ್ಯಾನ್. ಇವು ಬಿಸಿಲು ಕೇಳುವುದಿಲ್ಲ, ಹರಿವಿನಲ್ಲಿ ಬಂದದ್ದನ್ನು ಹಿಡಿದು ತಿನ್ನುತ್ತವೆ. ಇಪ್ಪತ್ತು ಮೀಟರಿನಲ್ಲಿ ಎಲ್ಲ ನೀಲಿ ಬೂದಿ ಬಣ್ಣದಲ್ಲಿ ಕಾಣುತ್ತದೆ, ಯಾಕೆಂದರೆ ಕೆಂಪು ಬೆಳಕನ್ನು ನೀರು ಮೇಲೇ ನುಂಗಿಬಿಡುತ್ತದೆ. ಅಲ್ಲಿ ಟಾರ್ಚ್ ಹಾಕಿ. ಬೂದಿ ಬಣ್ಣದ ಸೀ ಫ್ಯಾನ್ ದಿಢೀರನೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ನಾನು ಪ್ರತಿ ಸಲವೂ ಬೇಕಂತಲೇ ಟಾರ್ಚ್ ಆರಿಸಿ ಹಚ್ಚಿ ನೋಡುತ್ತೇನೆ, ಮಕ್ಕಳ ಹಾಗೆ.

ಎಲ್ಲಿ ಕಬ್ಬಿಣ ಬಿದ್ದರೂ ಹೀಗೆ ತೋಟ ಆಗುತ್ತದೆ ಅಂತ ತಿಳಿಯಬೇಡಿ. ಶಾಂತ ಸಾಗರದ ನಡುವೆ ಪಾಲ್ಮೈರಾ ಎಂಬ ಹವಳ ದ್ವೀಪ ಇದೆ. ಅಲ್ಲಿ 1991ರಲ್ಲಿ ಒಂದು ಮೀನುಗಾರಿಕಾ ಹಡಗು ಮುಳುಗಿತು. ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಡಗು ತುಕ್ಕು ಹಿಡಿದು ಕಬ್ಬಿಣ ಬಿಡತೊಡಗಿದಾಗ, ಹವಳಕ್ಕೆ ದಾಯಾದಿಯಂಥ ಒಂದು ಜೀವಿ ಅದನ್ನೇ ಗೊಬ್ಬರ ಮಾಡಿಕೊಂಡು ಹಬ್ಬಿ, ಇದ್ದ ಹವಳವನ್ನೆಲ್ಲ ಮುಚ್ಚಿಹಾಕಿತು. ಕೊನೆಗೆ 2013-14ರಲ್ಲಿ ಹಡಗನ್ನೇ ಕತ್ತರಿಸಿ ಹೊರಗೆ ಸಾಗಿಸಬೇಕಾಯಿತು. ಅಗುಂಗ್‌ನ ಕಪ್ಪು ಮರಳಿನಲ್ಲಿ ಮೊದಲೇ ಕಬ್ಬಿಣ ಧಾರಾಳ ಇದೆ, ಅಲ್ಲಿಯ ಲೆಕ್ಕ ಬೇರೆ.

ಇನ್ನು ನಿಮ್ಮ ಡೈವ್ ವಿಷಯ.

ಸಾಧ್ಯವಾದರೆ ಹಿಂದಿನ ರಾತ್ರಿಯೇ ತುಲಾಂಬೆನ್ನಿನಲ್ಲಿ ಉಳಿಯಿರಿ. ಪ್ರವಾಸಿಗರು ಜಾಸ್ತಿ ಉಳಿಯುವ ದಕ್ಷಿಣ ಬಾಲಿಯ ಕೂಟಾ ಕಡೆಯಿಂದ ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ ದಾರಿ. ಅಲ್ಲಿಂದ ಬರುವ ಪ್ರವಾಸಿ ವ್ಯಾನುಗಳು ಒಂಬತ್ತೂವರೆ ಹೊತ್ತಿಗೆ ಬಂದು ಸೇರುತ್ತವೆ. ಆಮೇಲೆ ಮಧ್ಯಾಹ್ನದ ತನಕ ನೀರೊಳಗೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಬೆಳಗ್ಗೆ ಆರಕ್ಕೆ ದಂಡೆಯಲ್ಲಿ ನೀವು, ನಿಮ್ಮ ಗೈಡ್, ಸಿಲಿಂಡರ್ ಹೊರುವ ಹೆಂಗಸರು, ಇಷ್ಟೇ ಜನ.

ಆ ಹೆಂಗಸರ ಬಗ್ಗೆ ಒಂದು ಮಾತು. ದಂಡೆಯ ಮೇಲೆ ಮರಳಿಲ್ಲ, ಎಲ್ಲಾ ತೆಂಗಿನಕಾಯಿ ಗಾತ್ರದ ನುಣ್ಣನೆ ಕರಿಕಲ್ಲು. ತುಲಾಂಬೆನ್ ಅನ್ನೋ ಹೆಸರೇ ಕಲ್ಲಿನಿಂದ ಬಂದದ್ದು ಅಂತ ಊರಿನವರು ಹೇಳುತ್ತಾರೆ. ನಾವು ಬರಿಗೈಯಲ್ಲಿ ನಡೆಯಲೂ ತಡವರಿಸುತ್ತೇವೆ. ಅವರು ತಲೆ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಸಿಲಿಂಡರ್ ಸಮೇತ ಜಾಕೆಟ್ ಹೊತ್ತು, ರಬ್ಬರ್ ಚಪ್ಪಲಿಯಲ್ಲಿ ಸರಸರ ಹೋಗುತ್ತಾರೆ. ಒಬ್ಬೊಬ್ಬರು ಎರಡೆರಡು ಹೊರುತ್ತಾರೆ. ಈ ಕೆಲಸ ಊರಿನವರದೇ. ನಿಮ್ಮದನ್ನು ನೀವೇ ಹೊರುತ್ತೇನೆ ಅಂತ ಹಠ ಮಾಡಬೇಡಿ. ಅದರಿಂದ ಅವರ ಕೂಲಿಯೂ ಹೋಗುತ್ತದೆ, ನಿಮ್ಮ ಕಾಲೂ ಉಳುಕುತ್ತದೆ.

ಕಾಲಿಗೆ ದಪ್ಪ ಅಡಿಯ ಬೂಟೀಸ್ ಇರಲಿ. ಅಂಡಮಾನಿನಲ್ಲಿ ದೋಣಿಯಿಂದ ಇಳಿದಿರುತ್ತೀರಿ, ಇಲ್ಲಿ ದಡದಿಂದ ನಡೆದೇ ಇಳಿಯಬೇಕು. ಅಲೆ ಒಡೆಯುವ ಜಾಗದಲ್ಲಿ ನಿಂತು ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಹಾಕಿಕೊಳ್ಳಲು ಹೋಗಬೇಡಿ. ಗೈಡ್ ಕೈ ಹಿಡಿದು, ಎರಡು ಅಲೆಗಳ ನಡುವೆ ಸೊಂಟದ ಮಟ್ಟದ ನೀರು ದಾಟಿ, ತೇಲುತ್ತಾ ಹಾಕಿಕೊಳ್ಳಿ. ಲಿಬರ್ಟಿಯಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಜಾಸ್ತಿ ಪಾಲು ಆಗಿದ್ದು ಹಡಗಿನ ಹತ್ತಿರ ಅಲ್ಲ, ಮೊಣಕಾಲುದ್ದದ ನೀರಿನಲ್ಲಿ.

ಬೆಳಗ್ಗೆ ಆರಕ್ಕೆ ಹೋಗಲು ಇನ್ನೊಂದು ಕಾರಣ ಇದೆ. ಬಂಪ್‌ಹೆಡ್ ಪ್ಯಾರಟ್ ಫಿಶ್ ಅಂತ ಒಂದು ಮೀನು. ಹಣೆ ಮುಂದಕ್ಕೆ ಉಬ್ಬಿ, ಹಲ್ಲು ಹೊರಗೆ ಕಾಣುವ, ಒಂದು ಮೀಟರಿಗೂ ಜಾಸ್ತಿ ಬೆಳೆಯುವ ದೈತ್ಯ. ಇದರ ಗುಂಪು ರಾತ್ರಿ ಈ ಹಡಗಿನಲ್ಲಿ ಮಲಗುತ್ತದೆ. ಬೆಳಕು ಹರಿಯುವಾಗ ಎದ್ದು ಹೊರಡುತ್ತದೆ. ಕೊಟ್ಟಿಗೆಯಿಂದ ಎಮ್ಮೆಗಳನ್ನು ಬಿಟ್ಟ ಹಾಗೆ, ಒಂದರ ಹಿಂದೆ ಒಂದು, ಯಾವ ಗಡಿಬಿಡಿಯೂ ಇಲ್ಲದೆ. ಹವಳವನ್ನು ಕಚ್ಚುವಾಗ ಕರಕ್ ಅನ್ನೋ ಸದ್ದು ನಿಮಗೆ ಕೇಳಿಸುತ್ತದೆ. ಒಂದು ಮೀನು ವರ್ಷಕ್ಕೆ ಐದು ಟನ್ನಿಗೂ ಹೆಚ್ಚು ಹವಳ ಅರೆದು ಮರಳು ಮಾಡಿ ಹಿಂದಿನಿಂದ ಬಿಡುತ್ತದೆ. ಬಿಡುವುದೂ ಕಾಣುತ್ತದೆ, ಬಿಳಿ ಹೊಗೆಯ ಹಾಗೆ. ನಿಂತ ಜಾಗದಲ್ಲೇ ಇರಿ, ಅಟ್ಟಿಸಿಕೊಂಡು ಹೋಗಬೇಡಿ. ಸುಮ್ಮನಿದ್ದವರ ಪಕ್ಕದಲ್ಲೇ ಹಾದು ಹೋಗುತ್ತವೆ.

ಎಷ್ಟು ಆಳಕ್ಕೆ ಹೋಗಬೇಕು? ನಿಮ್ಮ ಓಪನ್ ವಾಟರ್ ಕಾರ್ಡ್ ಹದಿನೆಂಟು ಮೀಟರ್ ಆಳದ ತನಕದ್ದು. ಅಲ್ಲೇ ನಿಲ್ಲಿ. ಕೆಲವು ಗೈಡುಗಳು "ಪರವಾಗಿಲ್ಲ, ಇಪ್ಪತ್ತೆಂಟಕ್ಕೆ ಹೋಗಿ ಬರೋಣ" ಅಂತ ಕರೆಯಬಹುದು. ಒಂದು ಲೆಕ್ಕ ಹೇಳುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಕೊಡುವ ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಇನ್ನೂರು ಬಾರ್ (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ) ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ಕೊನೆಯ ಐವತ್ತು ಬಾರ್ ಮುಟ್ಟಬಾರದ ಗಂಟು. ಉಳಿದದ್ದು 1,650 ಲೀಟರ್. ಹೊಸಬರು ನೀರಿನ ಮೇಲೆ ನಿಮಿಷಕ್ಕೆ ಇಪ್ಪತ್ತು ಲೀಟರ್ ಉಸಿರಾಡುತ್ತಾರೆ ಅಂದುಕೊಳ್ಳಿ. ಹದಿನೈದು ಮೀಟರಿನಲ್ಲಿ ಒತ್ತಡ ಎರಡೂವರೆ ಪಟ್ಟು, ಅಂದರೆ ನಿಮಿಷಕ್ಕೆ ಐವತ್ತು ಲೀಟರ್. ಮೂವತ್ತಮೂರು ನಿಮಿಷ ಸಿಗುತ್ತದೆ. ಇಪ್ಪತ್ತೆಂಟರಲ್ಲಿ ನಿಮಿಷಕ್ಕೆ ಎಪ್ಪತ್ತಾರು ಲೀಟರ್. ಇಪ್ಪತ್ತೊಂದು ನಿಮಿಷಕ್ಕೆ ಮುಗಿಯಿತು. ಸ್ವಲ್ಪ ಗಾಬರಿಯಾದರೆ ಇನ್ನೂ ಬೇಗ. ಆ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಡೈವ್ ಕಂಪ್ಯೂಟರ್ ಕೊಡುವ ಸಮಯವೂ ಆಳ ಹೋದಷ್ಟೂ ಕುಗ್ಗುತ್ತದೆ. ಕೋರ್ಸಿನಲ್ಲಿ ನೋಡಿದ ಟೇಬಲ್ ನೆನಪಿದೆಯಾ? ಹದಿನೆಂಟು ಮೀಟರಿಗೆ 56 ನಿಮಿಷ, ಮೂವತ್ತಕ್ಕೆ ಬರೀ 20. ಇಷ್ಟೆಲ್ಲ ತೆತ್ತು ಕೆಳಗೆ ನೋಡುವುದು ಏನು? ಬೆಳಕು ಕಡಿಮೆ, ಹವಳ ಕಡಿಮೆ. ಲಿಬರ್ಟಿಯ ಚೆಂದವೆಲ್ಲ ಹದಿನೆಂಟರ ಮೇಲೇ ಇದೆ. ಇದು ನಿಮ್ಮನ್ನು ಸಮಾಧಾನ ಮಾಡಲು ಹೇಳುವ ಮಾತಲ್ಲ. ಮೂವತ್ತಕ್ಕೆ ಹೋಗಬಲ್ಲ ನಾನೂ ಈಗ ಹದಿನೈದರ ಆಸುಪಾಸಿನಲ್ಲೇ ಇರುತ್ತೇನೆ.

ಒಳಗೆ ಹೋಗಬಹುದಾ ಅಂತ ಕೇಳಿದ್ದಿರಿ. ಬೇಡ ಅಂದೆ. ಯಾಕೆ ಅಂತ ನನ್ನದೇ ಅವಮಾನ ಹೇಳಿಕೊಳ್ಳುತ್ತೇನೆ.

ಆಗ ನನ್ನದು ಮೂವತ್ತು ಡೈವ್ ಆಗಿತ್ತು. ಎಲ್ಲಾ ಬಂದುಬಿಟ್ಟಿದೆ ಅನ್ನೋ ಗತ್ತು. ಸರಕು ತುಂಬುವ ಕೋಣೆಯೊಂದರ ಬಾಯಿ ದೊಡ್ಡದಾಗಿ ತೆರೆದಿತ್ತು, ಆಚೆ ಬದಿಯಲ್ಲಿ ನೀಲಿ ಬೆಳಕು ಕಾಣುತ್ತಿತ್ತು. ಹತ್ತು ಸೆಕೆಂಡಿನ ದಾರಿ ಅಂದುಕೊಂಡು ನುಗ್ಗಿದೆ. ನಡುವೆ ಸಿಲಿಂಡರ್ ಮೇಲಿನ ತಗಡಿಗೆ ತಾಗಿತು. ಠಣ್ ಅಂತ. ಬೆಚ್ಚಿ ಜೋರಾಗಿ ಕಾಲು ಬಡಿದೆ. ಹಿಂದೆ ಎಷ್ಟೋ ವರ್ಷದ ತುಕ್ಕೂ ಬೂದಿಯೂ ಎದ್ದಿತು. ಮುಂದೆ ಕಂಡಿದ್ದ ಬೆಳಕು ಹೋಯಿತು. ನನ್ನ ಕೈ ನನಗೆ ಕಾಣಲಿಲ್ಲ. ಮೇಲಕ್ಕೆ ಹೋಗೋಣ ಅಂದರೆ ಮೇಲೆ ಕಬ್ಬಿಣ. ಎಷ್ಟು ಹೊತ್ತು ಇದ್ದೆನೋ, ಕಂಪ್ಯೂಟರ್ ಪ್ರಕಾರ ಎರಡು ನಿಮಿಷವೂ ಇಲ್ಲ. ಗೈಡ್ ಟಾರ್ಚ್ ಅಲ್ಲಾಡಿಸುತ್ತಾ ಬಂದು ನನ್ನ ಜಾಕೆಟ್ ಹಿಡಿದು ಎಳೆದ. ಹೊರಗೆ ಬಂದಾಗ ಇಪ್ಪತ್ತೆರಡು ಮೀಟರ್ ಆಳದಲ್ಲಿದ್ದೆ, ಮೀಟರಿನಲ್ಲಿ ನಲವತ್ತು ಬಾರ್. ಅವನ ಗಾಳಿ ಹಂಚಿಕೊಂಡೇ ಮೇಲೆ ಬಂದೆ. ಬರುವಾಗ ಹಿಂದಿರುಗಿ ನೋಡಿದರೆ, ಬಾಗಿಲ ಹತ್ತಿರದ ಒಂದು ಸೀ ಫ್ಯಾನಿನ ಕೊಂಬೆ ಮುರಿದು ಜೋತು ಬಿದ್ದಿತ್ತು. ನನ್ನ ಫಿನ್ನಿನದೇ ಕೆಲಸ. ಅದು ಬೆಳೆಯಲು ನನ್ನ ಆಗಿನ ವಯಸ್ಸಿಗಿಂತ ಜಾಸ್ತಿ ವರ್ಷ ತಗೊಂಡಿತ್ತೋ ಏನೋ. ದಡದಲ್ಲಿ ಗೈಡ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇದರ ಜೊತೆ ಇನ್ನೊಂದು ಇದೆ. ಒಳಗೆ ಹೋದವರು ಬಿಟ್ಟ ಉಸಿರಿನ ಗುಳ್ಳೆಗಳು ತಗಡಿನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅಲ್ಲಿ ಅಂಟಿಕೊಂಡಿದ್ದ ಜೀವಿಗಳು ಗಾಳಿಗೆ ಸಿಕ್ಕಿ ಸಾಯುತ್ತವೆ, ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಡಗು ಈಗಾಗಲೇ ಅಲ್ಲಲ್ಲಿ ಕುಸಿಯುತ್ತಿದೆ. ನಾವು ಆ ಕೆಲಸಕ್ಕೆ ಕೈ ಜೋಡಿಸಬೇಕಿಲ್ಲ.

ಹಾಗಾಗಿ ನೀವು ಮಾಡಬೇಕಾದ ತಯಾರಿ ಒಂದೇ, ತೇಲುವುದನ್ನು ಹದಕ್ಕೆ ತರುವುದು. ಆರು ಡೈವ್ ಆದವರು ಹೆಚ್ಚಾಗಿ ಮುಳುಗಲು ಕಟ್ಟುವ ಸೀಸದ ತೂಕವನ್ನು ಬೇಕಾದ್ದಕ್ಕಿಂತ ಎರಡು ಕಿಲೋ ಜಾಸ್ತಿ ಕಟ್ಟಿಕೊಂಡಿರುತ್ತಾರೆ. ಮೊದಲ ದಿನ ಹಡಗಿಗೆ ಹೋಗದೆ ಪಕ್ಕದ ಮರಳಿನ ಇಳಿಜಾರಿನಲ್ಲಿ ಒಂದು ಡೈವ್ ಮಾಡಿ. ಅಲ್ಲಿ ಗಾರ್ಡನ್ ಈಲ್ ಅಂತ ಮರಳಿನಿಂದ ಅರ್ಧ ಮೈ ಎತ್ತಿ ನಿಂತ ಹಾವುಮೀನುಗಳ ಹಿಂಡು ಇದೆ. ಬೆಂಡೆ ಗಿಡ ಗಾಳಿಗೆ ತೂಗಿದ ಹಾಗೆ ತೂಗುತ್ತವೆ. ಹತ್ತಿರ ಹೋದರೆ ಸರ್ರನೆ ಒಳಗೆ. ಅವು ಒಳಗೆ ಹೋಗದ ಹಾಗೆ ಎಷ್ಟು ಹತ್ತಿರ ತೇಲಿ ನಿಲ್ಲಬಲ್ಲಿರಿ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಕೋರ್ಸಿನಲ್ಲೂ ಇಲ್ಲ. ಅದು ಬಂದರೆ ಮರುದಿನ ಹಡಗು. ಏನನ್ನೂ ಮುಟ್ಟಬೇಡಿ, ಆಧಾರಕ್ಕೂ ಬೇಡ. ಬಂಡೆ ಅಂತ ನೀವು ಹಿಡಿಯಲು ಹೋದದ್ದು ಸ್ಕಾರ್ಪಿಯನ್ ಫಿಶ್ ಆಗಿರಬಹುದು, ಅದರ ಮುಳ್ಳಿನಲ್ಲಿ ವಿಷ ಇದೆ.

ನೆಗಡಿ ಇದ್ದರೆ ಇಳಿಯಬೇಡಿ, ಕಿವಿ ಹೋಗುತ್ತದೆ. ಆಸ್ತಮಾ, ಕಿವಿ ಆಪರೇಷನ್, ಹೃದಯದ ತೊಂದರೆ ಏನಾದರೂ ಇದ್ದರೆ ಹೊರಡುವ ಮೊದಲೇ ಇಲ್ಲಿನ ಡಾಕ್ಟರಿಗೆ ತೋರಿಸಿ. ಫಾರಂನಲ್ಲಿ ಸುಳ್ಳು ಬರೆಯಬೇಡಿ. ಡೈವಿಂಗ್ ಇನ್ಶೂರೆನ್ಸ್ ಮಾಡಿಸಿ, ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಇದು ಸೇರಿರುವುದಿಲ್ಲ ಎಷ್ಟೋ ಸಲ.

ನಮ್ಮವರು ಜಾಸ್ತಿ ಎಡವುವುದು ಡೈವ್ ಮುಗಿದ ಮೇಲೆ. ವಿಮಾನದ ವಿಷಯ ನಿಮಗೆ ಕೋರ್ಸಿನಲ್ಲೇ ಹೇಳಿರುತ್ತಾರೆ, ಒಂದೇ ಡೈವ್ ಆದರೆ ಕನಿಷ್ಠ ಹನ್ನೆರಡು ಗಂಟೆ, ಎರಡು ಮೂರು ಆಗಿದ್ದರೆ ಹದಿನೆಂಟು ಗಂಟೆ ಕಾಯಬೇಕು ಅಂತ. ಮೈಯಲ್ಲಿ ಕರಗಿದ ನೈಟ್ರೋಜನ್, ಒತ್ತಡ ಕಡಿಮೆಯಾದಾಗ ಗುಳ್ಳೆ ಕಟ್ಟುತ್ತದೆ. ಸೋಡಾ ಬಾಟಲ್ ಮುಚ್ಚಳ ತೆಗೆದ ಹಾಗೆ. ಆದರೆ ಆ ಗುಳ್ಳೆಗೆ ನೀವು ವಿಮಾನದಲ್ಲಿದ್ದೀರೋ ಕಾರಿನಲ್ಲಿದ್ದೀರೋ ಗೊತ್ತಾಗುವುದಿಲ್ಲ. ಬಾಲಿಯ ಟ್ಯಾಕ್ಸಿಯವರು ಪ್ಯಾಕೇಜ್ ಹೇಳುತ್ತಾರೆ, ಬೆಳಗ್ಗೆ ತುಲಾಂಬೆನ್, ಮಧ್ಯಾಹ್ನ ಕಿಂತಾಮಣಿಯಲ್ಲಿ ಜ್ವಾಲಾಮುಖಿ ನೋಡಿಕೊಂಡು ಊಟ, ಸಂಜೆ ಉಬುದ್. ಕಿಂತಾಮಣಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಡೈವ್ ಮಾಡಿದ ದಿನ ಅಲ್ಲಿಗೆ ಹತ್ತಬೇಡಿ. ಬಾತೂರ್ ಬೆಟ್ಟದ ಸೂರ್ಯೋದಯದ ಚಾರಣ ಇದ್ದರೆ ಅದನ್ನು ಡೈವಿಗಿಂತ ಮೊದಲ ದಿನಗಳಲ್ಲಿ ಮುಗಿಸಿಕೊಳ್ಳಿ. ದಕ್ಷಿಣಕ್ಕೆ ಬರುವಾಗ ಕರಾವಳಿ ರಸ್ತೆಯಲ್ಲೇ ಬನ್ನಿ ಅಂತ ಡ್ರೈವರಿಗೆ ಮೊದಲೇ ಹೇಳಿ.

ನಮ್ಮ ಕರಾವಳಿಯಲ್ಲೂ ಹಡಗು ಮುಳುಗಿಸಬಹುದಲ್ವಾ ಅಂತ ಕೇಳಿದಿರಿ. ಪಕ್ಕದ ಮಹಾರಾಷ್ಟ್ರದಲ್ಲಿ ಅಂಥ ಯೋಜನೆ ಇದೆ. ನೌಕಾಪಡೆಯಿಂದ ನಿವೃತ್ತಿಯಾದ ಐಎನ್‌ಎಸ್ ಗುಲ್ದಾರ್ ಅನ್ನು ಸಿಂಧುದುರ್ಗದ ನಿವತಿ ಬಳಿ ಮುಳುಗಿಸಿ ಡೈವಿಂಗ್ ತಾಣ ಮಾಡುವುದು ಅದರ ಉದ್ದೇಶ. ನಾನು ವಿರೋಧಿ ಏನಲ್ಲ. ಆದರೆ ಅಗ್ಗದ ಕೆಲಸವೂ ಅಲ್ಲ. ಅಮೆರಿಕದವರು 2006ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು ಫ್ಲೋರಿಡಾದ ಪೆನ್ಸಕೋಲಾ ಹತ್ತಿರ ಮುಳುಗಿಸಿದರು. ಮುಳುಗಿದ್ದು 37 ನಿಮಿಷದಲ್ಲಿ. ಅದಕ್ಕೆ ಮೊದಲು ಎಣ್ಣೆ, ಬಣ್ಣ, ವಿಷದ ವೈರುಗಳನ್ನು ತೆಗೆಯಲು, ಅನುಮತಿ ಪಡೆಯಲು ವರ್ಷಗಳೇ ಹಿಡಿದವು. ಅದೇ ಫ್ಲೋರಿಡಾದಲ್ಲಿ ಎಪ್ಪತ್ತರ ದಶಕದಲ್ಲಿ ಹವಳ ಬೆಳೆಯುತ್ತದೆ ಅಂತ ಸುಮಾರು ಇಪ್ಪತ್ತು ಲಕ್ಷ ಹಳೇ ಟೈರು ಸಮುದ್ರಕ್ಕೆ ಸುರಿದರು. ಹವಳ ಬೆಳೆಯಲಿಲ್ಲ. ಟೈರುಗಳು ಕಟ್ಟು ಬಿಚ್ಚಿಕೊಂಡು ಇದ್ದ ಹವಳಕ್ಕೂ ಬಡಿದವು. ಅವನ್ನು ಹೆಕ್ಕುವ ಕೆಲಸ ಇನ್ನೂ ಮುಗಿದಿಲ್ಲ.

ನಮ್ಮ ಅರಬ್ಬಿ ಸಮುದ್ರದ ಕಷ್ಟ ಬೇರೆ. ಮಳೆಗಾಲದ ನಾಲ್ಕು ತಿಂಗಳು ಶರಾವತಿ, ಕಾಳಿ, ಅಘನಾಶಿನಿ ಎಲ್ಲಾ ಸೇರಿ ಕೆಂಪು ಕೆಸರು ತಂದು ಸುರಿಯುತ್ತವೆ. ಕೆಸರು ಕೂತ ಕಡೆ ಹವಳದ ಮರಿ ನಿಲ್ಲುವುದಿಲ್ಲ. ನೇತ್ರಾಣಿಯಲ್ಲಿ ನೀವು ಹವಳ ನೋಡಿದ್ದು ಅದು ದಡದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಇರುವುದರಿಂದ. ಆ ನಡುಗಡ್ಡೆಯನ್ನು ನಮ್ಮ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ಹೊಸ ದಿಬ್ಬ ಕಟ್ಟುವ ದುಡ್ಡಿನಲ್ಲಿ ಅರ್ಧ ಖರ್ಚು ಮಾಡಿ, ಅಲ್ಲಿ ದೋಣಿಗಳು ಲಂಗರು ಎಸೆಯದ ಹಾಗೆ ಅವನ್ನು ಕಟ್ಟಲು ತೇಲುವ ಬೋಯಿ ಹಾಕಿದರೆ ಹೆಚ್ಚು ಹವಳ ಉಳಿಯುತ್ತದೆ ಅನ್ನೋದು ನನ್ನ ಲೆಕ್ಕ.

ಯುದ್ಧದ ಹಡಗು ನೋಡಬೇಕು ಅನ್ನೋ ಆಸೆ ನಿಮ್ಮ ಪ್ರಶ್ನೆಯಲ್ಲಿತ್ತು, ಅದಕ್ಕೊಂದು ಮಾತು. ನಿಜವಾದ ಯುದ್ಧನೌಕೆಗಳು ಹೆಚ್ಚಿನವು ಸಮಾಧಿಗಳು. ಶ್ರೀಲಂಕಾದ ಬಟ್ಟಿಕಲೋವಾ ಹತ್ತಿರ ಬ್ರಿಟಿಷರ ವಿಮಾನವಾಹಕ ನೌಕೆ ಹರ್ಮಿಸ್ ಬಿದ್ದಿದೆ. 1942ರ ಏಪ್ರಿಲ್ 9ರಂದು 307 ಜನರ ಜೊತೆ ಮುಳುಗಿತು. ಐವತ್ತು ಮೀಟರಿಗೂ ಆಳ, ನಮ್ಮ ನಿಮ್ಮ ಡೈವಿಗೆ ಎಟುಕದು. ಜಾವಾ ಸಮುದ್ರದಲ್ಲಿ ಮುಳುಗಿದ್ದ ಡಚ್ ನೌಕೆಗಳಾದ ಡಿ ರೌಟರ್, ಜಾವಾ ಇವುಗಳ ಕತೆ ಇನ್ನೂ ಬೇಸರದ್ದು. 2016ರಲ್ಲಿ ಹೋಗಿ ನೋಡಿದರೆ ಹಡಗುಗಳೇ ಇರಲಿಲ್ಲ. ಗುಜರಿಯವರು ಕಬ್ಬಿಣಕ್ಕಾಗಿ ಕಿತ್ತುಕೊಂಡು ಹೋಗಿದ್ದರು, ನೂರಾರು ನಾವಿಕರ ಅಸ್ಥಿ ಇದ್ದ ಹಡಗುಗಳನ್ನು. ಲಿಬರ್ಟಿ ಉಳಿದದ್ದು ದಡದ ಪಕ್ಕದಲ್ಲಿದೆ, ಇಡೀ ಊರಿಗೆ ಅನ್ನ ಕೊಡುತ್ತಿದೆ ಅನ್ನೋ ಕಾರಣಕ್ಕೆ.

ಇನ್ನು ನಿಮ್ಮ ಮನೆಯವರು. ಮೇಲಿನ ತುದಿ ಐದಾರು ಮೀಟರಿನಲ್ಲೇ ಇದೆ ಅಂದೆನಲ್ಲ, ನೀರು ತಿಳಿಯಾಗಿದ್ದರೆ ಮೇಲಿನಿಂದಲೇ ಕಾಣುತ್ತದೆ. ಲೈಫ್ ಜಾಕೆಟ್, ಮಾಸ್ಕ್, ಸ್ನಾರ್ಕೆಲ್ ಹಾಕಿಸಿ, ಅವರಿಗೆಂದೇ ಬೇರೆ ಗೈಡ್ ಒಬ್ಬರನ್ನು ಗೊತ್ತು ಮಾಡಿ. ನಿಮ್ಮ ಗೈಡೇ ಇಬ್ಬರನ್ನೂ ನೋಡಿಕೊಳ್ಳುತ್ತಾನೆ ಅಂದರೆ ಒಪ್ಪಬೇಡಿ. ಹೊರಡುವ ಮೊದಲು ಮೈಸೂರಿನ ಯಾವುದಾದರೂ ಈಜುಕೊಳದಲ್ಲಿ ಎರಡು ದಿನ ಮಾಸ್ಕ್ ಹಾಕಿ ಮುಖ ನೀರಿನಲ್ಲಿಟ್ಟು ಉಸಿರಾಡುವುದನ್ನು ರೂಢಿ ಮಾಡಿಸಿ. ಅಲೆ ಜೋರಿರುವ ದಿನ ಬೇಡ. ಶಾಂತವಾಗಿರುವ ಬೆಳಗ್ಗೆ ಅವರು ಮೇಲೆ ತೇಲುತ್ತಿದ್ದರೆ, ನೀವು ಮೇಲೆ ಬರುವ ಮೊದಲು ಸುರಕ್ಷತೆಗೆ ಅಂತ ಕೊನೆಯಲ್ಲಿ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತೀರಲ್ಲ, ಆಗ ತಲೆ ಎತ್ತಿ ನೋಡಿ. ನಿಮ್ಮ ಗುಳ್ಳೆಗಳು ಅವರ ಹೊಟ್ಟೆಗೆ ಕಚಗುಳಿ ಇಡುತ್ತಿರುತ್ತವೆ.